ಮನುಷ್ಯರ ಸಹವಾಸ ಬೇಡ, ಅದಕ್ಕೇ ವೆಟರ್ನರಿ

ವೆಟರ್ನರಿ ಓದಬೇಕು ಅಂತ ನನ್ನ ಹತ್ತಿರ ಸಲಹೆ ಕೇಳಲು ಬರುವ ಮಕ್ಕಳ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ಮನುಷ್ಯರಿಗಿಂತ ಪ್ರಾಣಿಗಳೇ ವಾಸಿ ಮೇಡಂ." ಎಷ್ಟೋ ಜನ ತಮಾಷೆಗೆ ಅನ್ನುತ್ತಾರೆ. ಕೆಲವರಿಗೆ ಮಾತ್ರ ಅದೇ ನಿಜವಾದ ಕಾರಣ. ಈ ಹುಡುಗಿ ಆ ಕೆಲವರಲ್ಲಿ ಒಬ್ಬಳು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ವಯಸ್ಸು 19. ಜೀವಶಾಸ್ತ್ರ, ರಸಾಯನಶಾಸ್ತ್ರ ಎರಡರಲ್ಲೂ ಒಳ್ಳೆ ಅಂಕ. ಮೊದಲ ಸಲ ಸೀಟು ತಪ್ಪಿತ್ತು, ಎರಡನೇ ಸಲಕ್ಕೆ ತಯಾರಿ ನಡೆದಿತ್ತು. ಗುರುತಿಲ್ಲದವರಿಗೆ ಫೋನ್ ಮಾಡಬೇಕು ಅಂದರೆ ಅವಳ ಕೈ ಬೆವರುತ್ತೆ. ತರಗತಿಯಲ್ಲಿ ಎದ್ದು ಮಾತಾಡಬೇಕಾದ ದಿನ ರಜೆ ಹಾಕುತ್ತಿದ್ದಳು. ಅಪ್ಪ ಅಮ್ಮ ಕೇಳಿದ್ದು ಸೀಟಿನ ಬಗ್ಗೆ ಮಾತ್ರ.

ಪ್ರವೇಶದ ದಾರಿ ಎಲ್ಲ ಕಡೆ ಒಂದೇ ಥರ ಇಲ್ಲ. ಭಾರತದಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಕೋರ್ಸ್, ಸೀಟು ನಿಂತಿರುವುದು ಬಹುತೇಕ ಅಂಕದ ಮೇಲೆ. ಅಮೆರಿಕದಲ್ಲಿ ಮೊದಲು ಕಾಲೇಜು ಹಂತದ ವಿಜ್ಞಾನ ಓದು, ಆಮೇಲೆ ನಾಲ್ಕು ವರ್ಷದ ವೆಟರ್ನರಿ. ಅಲ್ಲಿ ಅರ್ಜಿಯಲ್ಲೇ ಪ್ರಾಣಿಗಳ ಜೊತೆ, ಪಶುವೈದ್ಯರ ಜೊತೆ ಎಷ್ಟು ಗಂಟೆ ಕಳೆದಿದ್ದೀರಿ ಅಂತ ಬರೆಯಬೇಕು. ಯಾರೂ ಕೇಳದ ಕಡೆಯೂ ಈ ಗಂಟೆಗಳು ಬೇಕೇ ಬೇಕು ಅನ್ನುವುದು ನನ್ನ ಹಟ. ಅಂಕ ಓದುವ ತಾಕತ್ತನ್ನು ತೋರಿಸುತ್ತೆ. ಕೆಲಸ ಹಿಡಿಸುತ್ತಾ ಅನ್ನುವುದನ್ನು ಅದು ಹೇಳಲ್ಲ.

ಹಾಗಾಗಿ ಮೊದಲ ಸಲಹೆ: ಯಾವುದಾದರೂ ಪಶು ಆಸ್ಪತ್ರೆಯಲ್ಲಿ ಕೆಲವು ವಾರ ಕೂತು ನೋಡು. ಒಪ್ಪಿಗೆ ಕೇಳಲು ಅಮ್ಮ ಫೋನ್ ಮಾಡಬಾರದು, ನೀನೇ ಮಾಡಬೇಕು. ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದು, ನನ್ನ ಮುಂದೆಯೇ ನಂಬರ್ ಒತ್ತಿದಳು. ಚೀಟಿ ನೋಡಿಕೊಂಡೇ ಮಾತಾಡಿದಳು. ಒಪ್ಪಿಗೆ ಸಿಕ್ಕಿತು.

ಮುಂದಿನ ಭೇಟಿಗೆ ಬಂದಾಗ ಸಿಟ್ಟಾಗಿದ್ದಳು.

"ಮೇಡಂ, ಒಂದು ಬೆಕ್ಕು ಬಂತು. ವಯಸ್ಸಾಗಿತ್ತು, ತುಂಬಾ ಬಡಕಲಾಗಿತ್ತು. ಡಾಕ್ಟರ್ ಬೆಕ್ಕನ್ನು ನೋಡಿದ್ದು ಐದು ನಿಮಿಷ. ಉಳಿದ ಮುಕ್ಕಾಲು ಗಂಟೆ ಬರೀ ಮಾತು. ಅದನ್ನು ತಂದಿದ್ದ ಆಂಟಿ ಜೊತೆ."

ಏನು ಮಾತಾಡಿದರು ಅಂತ ಕೇಳಿದೆ.

"ಏನೇನೋ. ನೀರು ಜಾಸ್ತಿ ಕುಡೀತಿದೆ ಅಂದ್ರು. ಬಟ್ಟಲು ಬೇಗ ಖಾಲಿ ಆಗ್ತಿದೆ, ಯಾರೋ ಚೆಲ್ತಿದಾರೆ ಅಂದ್ಕೊಂಡಿದ್ರಂತೆ. ತಿನ್ನೋದು ಕಡಿಮೆ ಆಗಿದೆಯಂತೆ. ಆಮೇಲೆ ಡಾಕ್ಟರ್ ರಕ್ತ, ಮೂತ್ರ ಪರೀಕ್ಷೆಗೆ ಬರೆದ್ರು. ಕಿಡ್ನಿ ಹೋಗಿತ್ತು."

"ಕಿಡ್ನಿ ಮೇಲೆ ಅನುಮಾನ ಯಾಕೆ ಬಂತು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀರಿನ ಬಟ್ಟಲಿಂದ," ಅಂದಳು. ಆಮೇಲೆ ತಾನೇ ಮುಂದುವರಿಸಿದಳು. "ಅದನ್ನು ಬೆಕ್ಕು ಹೇಳಲ್ಲ ಅಲ್ವಾ. ಆಂಟಿನೇ ಹೇಳ್ಬೇಕಿತ್ತು. ಹಾಗಾದ್ರೆ ನಾನು ಜನರ ಜೊತೆ ಮಾತಾಡ್ಲೇಬೇಕಾ?"

ಹೌದು ಅಂದೆ. ಸುತ್ತಿ ಬಳಸಿ ಹೇಳಲಿಲ್ಲ. ಈ ವೃತ್ತಿಯಲ್ಲಿ ರೋಗಿಯ ಕಥೆ ಬರುವುದು ಇನ್ನೊಬ್ಬರ ಬಾಯಿಂದ. ಇಂಥ ಚಿಕಿತ್ಸೆ ಬೇಡ, ಅಷ್ಟು ಖರ್ಚು ಆಗಲ್ಲ, ಇನ್ನು ನೋವಿಲ್ಲದಂತೆ ಕಳಿಸಿಕೊಡಿ ಅನ್ನುವುದೂ ಅದೇ ಬಾಯಿ. ಲ್ಯಾಬ್, ಸಂಶೋಧನೆ ಅಂತ ಆಮೇಲೆ ಬೇರೆ ದಾರಿ ಹಿಡಿಯಬಹುದು. ಆದರೂ ಓದುವಾಗ ಆಸ್ಪತ್ರೆಯ ಪಾಳಿ ಯಾರಿಗೂ ತಪ್ಪಲ್ಲ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ನನ್ನನ್ನು ತರಾಟೆಗೆ ತೆಗೆದುಕೊಂಡರು. ಮಗುವಿನ ಕನಸಿಗೆ ತಣ್ಣೀರು ಎರಚಿದೆ ಅಂದರು. ನಾನು ಒಪ್ಪಲ್ಲ. ಪಶುವೈದ್ಯರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಜಾಸ್ತಿ ಅಂತ ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅದಕ್ಕೆ ಒಂದೇ ಕಾರಣ ಇಲ್ಲ, ಆದರೆ ಮಾಲೀಕರ ದುಃಖ, ಸಿಟ್ಟು, ದುಡ್ಡಿನ ಜಗಳ ದಿನವೂ ಎದುರಾಗುತ್ತವೆ ಅನ್ನುವುದಂತೂ ನಿಜ. ಜನರಿಂದ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋಗುವವರಿಗೆ ಇದು ಮೊದಲೇ ಗೊತ್ತಿರಬೇಕು. ಸೇರಬೇಡ ಅಂತ ನಾನು ಹೇಳಲೇ ಇಲ್ಲವಲ್ಲ!

ಹೇಳಿದ್ದು ಬೇರೆ. ಜನರ ಭಯವನ್ನು ಕೋರ್ಸ್ ಆಯ್ಕೆಯ ಜೊತೆ ಗಂಟು ಹಾಕಬೇಡ. ಅದು ಆತಂಕ, ಅದಕ್ಕೆ ಥೆರಪಿ ಇದೆ, ವಾಸಿ ಆಗುತ್ತೆ. ವೆಟರ್ನರಿ ಸೇರಿದರೂ ಬಿಟ್ಟರೂ ಅದರ ಚಿಕಿತ್ಸೆ ಆಗಬೇಕು. ಆಸ್ಪತ್ರೆಯಲ್ಲಿ ಇನ್ನು ಮುಂದೆ ಪ್ರಾಣಿ ಹಿಡಿಯುವುದರ ಜೊತೆಗೆ ಮುಂಬಾಗಿಲ ಮೇಜಿನ ಹತ್ತಿರವೂ ಕೂರು. ಏನು ತೊಂದರೆ, ಯಾವಾಗಿಂದ, ತಿನ್ನುತ್ತಿದೆಯಾ ಅಂತ ಬಂದವರನ್ನು ನೀನೇ ಕೇಳಿ ಬರೆದುಕೊ. ರೇಬೀಸ್ ಲಸಿಕೆ ಮೊದಲೇ ಹಾಕಿಸಿಕೊ. ನಾಯಿ ಬೆಕ್ಕು ಸಾಲದು, ದೊಡ್ಡ ಪ್ರಾಣಿಗಳನ್ನೂ ನೋಡು. ಹಸುವಿನ ಗರ್ಭ ಪರೀಕ್ಷೆಗೆ ತೋಳಿನ ತನಕ ಕೈಗವಸು ಯಾಕೆ ಅಂತ ಗೊತ್ತಾಗಲಿ. ಸಾಧ್ಯವಾದರೆ ಕಸಾಯಿಖಾನೆಯಲ್ಲಿ ಮಾಂಸ ತಪಾಸಣೆಯನ್ನೂ ನೋಡು, ಅದೂ ಪಶುವೈದ್ಯರದೇ ಕೆಲಸ. ಇದಕ್ಕೆ ಮುಖ ಕಿವಿಚಿದಳು. ಕಿವಿಚಲಿ, ಈಗಲೇ ಕಿವಿಚುವುದು ಒಳ್ಳೆಯದು.

ಅಪ್ಪ ಅಮ್ಮನಿಗೂ ಒಂದು ಮಾತು ಹೇಳಬೇಕಾಯಿತು. ಅವಳ ಪರವಾಗಿ ನೀವು ಮಾತಾಡುವುದನ್ನು ನಿಲ್ಲಿಸಿ, ವಿಚಾರಿಸುವ ಫೋನುಗಳನ್ನು ಅವಳಿಗೇ ಬಿಡಿ.

ಈ ಸಲ ಮತ್ತೆ ಅರ್ಜಿ ಹಾಕಿದ್ದಾಳೆ. ಜೊತೆಗೆ ಪ್ರಾಣಿಶಾಸ್ತ್ರ ಪದವಿಗೂ ಹಾಕಿಸಿದ್ದೇನೆ. ಪದವಿ ಮುಗಿಸಿದವರನ್ನು ತೆಗೆದುಕೊಳ್ಳುವ ವೆಟರ್ನರಿ ಕಾಲೇಜುಗಳು ಕೆಲವು ದೇಶಗಳಲ್ಲಿವೆ. ಥೆರಪಿ ಶುರುವಾಗಿದೆ. ಸೀಟು ಸಿಕ್ಕಿತು ಅಂತ ಅದನ್ನು ನಡುವೆ ಬಿಡುವಂತಿಲ್ಲ ಅಂತ ಈಗಲೇ ಮಾತು ತಗೊಂಡಿದ್ದೇನೆ.