ನೆತ್ತರುಗೊಡಗೆಯಿಂದ ಪುಸ್ತಕ ಆರಂಭವಾಗಲಿ

ಮಾನ್ಯರೆ,

ಸೊರಬ ಮತ್ತು ಶಿಕಾರಿಪುರ ಸೀಮೆಯ ವೀರಗಲ್ಲುಗಳನ್ನು ಕುರಿತ ನಿಮ್ಮ ಪಿಎಚ್.ಡಿ. ಮಹಾಪ್ರಬಂಧವನ್ನು ಪುಸ್ತಕವಾಗಿ ತರಬಹುದೇ ಎಂದು ಕೇಳಿದ್ದೀರಿ. ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಾವು ಅದನ್ನು ಪ್ರಕಟಿಸಲಾರೆವು. ಆದರೂ ಇದರೊಳಗೆ ಒಂದು ಒಳ್ಳೆಯ ಪುಸ್ತಕ ಅಡಗಿದೆಯೆಂದು ನಾನು ನಂಬಿರುವುದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ 90 ಪುಟಗಳನ್ನು ಅಧ್ಯಯನದ ಉದ್ದೇಶ, ವ್ಯಾಪ್ತಿ, ಪೂರ್ವಾಧ್ಯಯನಗಳ ಸಮೀಕ್ಷೆ ಮತ್ತು ಕದಂಬರಿಂದ ಕೆಳದಿಯ ಅರಸರವರೆಗಿನ ರಾಜಕೀಯ ಚರಿತ್ರೆ ತುಂಬಿಕೊಂಡಿವೆ. ನೀವು ಓದಬೇಕಾದುದನ್ನೆಲ್ಲ ಓದಿದ್ದೀರೆಂದು ಪರೀಕ್ಷಕರಿಗೆ ತೋರಿಸಲು ಅವು ಬೇಕಿದ್ದವು. ಓದುಗರು ಆ ಪರೀಕ್ಷೆ ನಡೆಸುವುದಿಲ್ಲ. ತುರುಗೊಳ್ ಕಾಳಗದಲ್ಲಿ, ಎಂದರೆ ಊರಿನ ದನ ಹಿಡಿದೊಯ್ಯುವವರನ್ನು ತಡೆದು, ಮಡಿದವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯ ಭೂಮಿಯ ವಿವರಗಳನ್ನೆಲ್ಲ ಒಂದೆಡೆ ಸೇರಿಸಿ, ಆ ನೆಲ ಎಷ್ಟಿತ್ತು, ಅದನ್ನು ಕೊಟ್ಟವರು ಯಾರು, ಹೆಂಡತಿಗೆ ಬಂತೇ ಮಗನಿಗೆ ಬಂತೇ ಎಂದು ನೀವು ಕೇಳುವುದು 211ನೆಯ ಪುಟದಲ್ಲಿ. ಅಲ್ಲಿಗೆ ಬಂದಾಗ ನಾನು ಪೆನ್ಸಿಲ್ ಕೆಳಗಿಟ್ಟು ಓದಿದೆ. ಶೌರ್ಯದ ವರ್ಣನೆ ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಸತ್ತವನ ಮನೆ ಮುಂದೆ ಹೇಗೆ ಬಾಳಿತು ಎಂಬ ಪ್ರಶ್ನೆಗೆ ಇಷ್ಟು ಆಧಾರಗಳನ್ನು ಜೋಡಿಸಿಕೊಟ್ಟ ಬರಹವನ್ನು ನಾನು ಹೆಚ್ಚು ಕಂಡಿಲ್ಲ. ನೀವು ಅದಕ್ಕೆ ಹನ್ನೊಂದೇ ಪುಟ ಕೊಟ್ಟು ಶಿಲ್ಪಲಕ್ಷಣಗಳ ಕಡೆಗೆ ಹೊರಳಿದ್ದೀರಿ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವೂ ಪಿಎಚ್.ಡಿ. ಪ್ರಬಂಧವೇ. 1966ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟವಾದ ಆ ಗ್ರಂಥವನ್ನು ನಾವು ಇಂದಿಗೂ ತೆರೆಯುತ್ತಿರುವುದು, ಅರಸರ ವಂಶಾವಳಿಯನ್ನು ದಾಟಿ ಜನ ಹೇಗೆ ಬದುಕಿದರು, ಯಾವುದಕ್ಕಾಗಿ ಪ್ರಾಣ ಕೊಟ್ಟರು ಎಂಬುದನ್ನು ಅದು ಶಾಸನಗಳ ಬಾಯಿಂದಲೇ ಹೇಳಿಸಿದ್ದರಿಂದ. ನಿಮ್ಮ 211ನೆಯ ಪುಟ ಆ ದಾರಿಯಲ್ಲಿದೆ.

ಶಾಸನಪಾಠಗಳ ಬಗ್ಗೆ ನನಗೆ ಗಂಭೀರ ತಕರಾರಿದೆ. ಹೆಚ್ಚಿನವನ್ನು ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಿಂದ ಹಾಗೆಯೇ ಎತ್ತಿಕೊಂಡಿದ್ದೀರಿ. 1902 ಮತ್ತು 1904ರಲ್ಲಿ ಅಚ್ಚಾದ ಆ ಸಂಪುಟಗಳಿಗೆ ನಾವೆಲ್ಲ ಋಣಿಗಳು. ಆದರೆ ನೀವೇ ಕಲ್ಲಿನೆದುರು ಕುಳಿತು ಅಕ್ಷರಗಳ ಪಡಿಯಚ್ಚನ್ನು ಕಾಗದದ ಮೇಲೆ ತೆಗೆದಿರುವಾಗ, ನಿಮ್ಮ ಓದು ಎಲ್ಲಿ ರೈಸ್ ಅವರ ಪಾಠವನ್ನು ಒಪ್ಪುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ಪ್ರತಿಯೊಂದು ಶಾಸನಕ್ಕೂ ಹೇಳಬೇಕು. ಛಾಯಾಚಿತ್ರಗಳನ್ನೂ ಮತ್ತೆ ತೆಗೆಯಿರಿ. ನಡುಹಗಲಿನ ಬೆಳಕಿನಲ್ಲಿ ಕೆಳಗಿನ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲಿನ ಶಿವಲಿಂಗ ಎಲ್ಲವೂ ಚಪ್ಪಟೆಯಾಗಿವೆ. ಹಂತಗಳ ನಡುವಿನ ಪಟ್ಟಿಕೆಯ ಅಕ್ಷರಗಳು ಕಾಣುವುದೇ ಇಲ್ಲ. ಬೆಳಗಿನ ಓರೆಬಿಸಿಲು ಅವನ್ನು ಎತ್ತಿ ತೋರಿಸುತ್ತದೆ.

ಬಡ್ತಿಗೆ ಅರ್ಜಿ ಹಾಕುವ ಮೊದಲು ಪುಸ್ತಕ ಬರಲೇಬೇಕೆಂದು ಪತ್ರದಲ್ಲಿ ಬರೆದಿದ್ದೀರಿ. ಆ ಒತ್ತಡ ನನಗೆ ಅರ್ಥವಾಗುತ್ತದೆ. ಹಣ ಕಟ್ಟಿಸಿಕೊಂಡು, ಒಂದು ಸಾಲನ್ನೂ ತಿದ್ದದೆ, ಐಎಸ್‌ಬಿಎನ್ ಹಾಕಿ ನೂರು ಪ್ರತಿ ಅಚ್ಚು ಮಾಡಿಕೊಡುವವರು ಸಿಗುತ್ತಾರೆ; ದಯವಿಟ್ಟು ಅವರ ಬಳಿ ಹೋಗಬೇಡಿ. ಪ್ರಬಂಧ ಇದ್ದ ಹಾಗೆಯೇ ಬೇಕಾದವರಿಗೆ ಅದು ಪಿಎಚ್.ಡಿ. ಪ್ರಬಂಧಗಳ ಜಾಲತಾಣವಾದ ಶೋಧಗಂಗಾದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನೇ ರಟ್ಟು ಕಟ್ಟಿ ಮಾರಿದರೆ, ಈ ಕಲ್ಲುಗಳನ್ನು ತಮ್ಮ ಹೊಲದ ಬದುವಿನಲ್ಲಿ ಕಾಪಾಡಿಕೊಂಡು ಬಂದು, ನಿಮಗೆ ದಾರಿ ತೋರಿಸಿದ ಊರಿನವರು ಅದನ್ನು ಓದಲಾರರು. ಅವರಲ್ಲಿ ಶಾಲೆ ಕಲಿತ ಒಬ್ಬರಾದರೂ ಕೊನೆಯವರೆಗೆ ಓದುವಂತಿರಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಪಾಂಡಿತ್ಯವನ್ನು ತೆಳುವಾಗಿಸಬೇಕಿಲ್ಲ, ಅಡಿಟಿಪ್ಪಣಿಗಳೂ ಪದಸೂಚಿಯೂ ಇರಲಿ.

ಇಡೀ ಪ್ರಬಂಧವನ್ನು ತಿದ್ದಲು ಈಗಲೇ ಕೂರಬೇಡಿ. ನೆತ್ತರುಗೊಡಗೆಯ ಆ ಹನ್ನೊಂದು ಪುಟಗಳನ್ನು ಮೊದಲ ಅಧ್ಯಾಯವಾಗಿ ಬೆಳೆಸಿ, ಒಂದೇ ಒಂದು ಕಲ್ಲಿನಿಂದ, ಅದರ ಪೂರ್ಣ ಪಾಠ ಮತ್ತು ಹೊಸಗನ್ನಡದ ಅರ್ಥದೊಂದಿಗೆ ಆರಂಭಿಸಿ, ಮೂರು ತಿಂಗಳೊಳಗೆ ಕಳುಹಿಸಿ. ಬಂದ ವಾರದಲ್ಲೇ ಓದಿ ಉತ್ತರಿಸುತ್ತೇನೆ.

ಇಂತಿ ವಿಶ್ವಾಸದ,
ಸಂಪಾದಕ