ವಾಹನ ಪ್ರಶ್ನೋತ್ತರ: ಹಳೆಯ ಪಿಕಪ್‌ಗೆ ಸೂಪರ್‌ಚಾರ್ಜರ್

ಪ್ರಶ್ನೆ: ನನ್ನಲ್ಲಿ 2002ರ ಮಾದರಿಯ ಟೊಯೋಟಾ ಟಕೋಮಾ ಪಿಕಪ್ ಇದೆ. 3.4 ಲೀಟರಿನ ವಿ6 ಪೆಟ್ರೋಲ್ ಎಂಜಿನ್, ಆಟೊಮ್ಯಾಟಿಕ್ ಗೇರ್. ಇದುವರೆಗೆ 1,60,000 ಮೈಲಿ ಓಡಿದೆ. ಟ್ರೈಲರ್ ಕಟ್ಟಿಕೊಂಡು ಐ-70 ಹೆದ್ದಾರಿಯಲ್ಲಿ ಐಸನ್‌ಹೋವರ್ ಸುರಂಗದ ಕಡೆಗೆ ಏರುವಾಗ ಗಾಡಿ ತೀರಾ ಸೋಲುತ್ತದೆ. 31 ಇಂಚಿನ ಟೈರುಗಳನ್ನು ತೆಗೆದು 33 ಇಂಚಿನವನ್ನು ಹಾಕಿಸಿದ್ದೇನೆ. ಇದೇ ಎಂಜಿನ್‌ಗೆಂದು ಟೊಯೋಟಾದ ಟಿಆರ್‌ಡಿ ವಿಭಾಗ ಹಿಂದೆ ಮಾರುತ್ತಿದ್ದ ಸೂಪರ್‌ಚಾರ್ಜರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಒಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತಿದೆ. ಹಾಕಿಸಬಹುದೇ?
— ಎಸ್. ಎನ್., ಡೆನ್ವರ್, ಕೊಲರಾಡೊ

ಉತ್ತರ: ಹಾಕಿಸಬಹುದು, ಆದರೆ ಮೊದಲ ಖರ್ಚು ಅದಕ್ಕಾಗಬಾರದು. ನಿಮ್ಮ ಗಾಡಿ ಸೋಲುವುದಕ್ಕೆ ಎತ್ತರ ಒಂದು ಕಾರಣವಾದರೆ ಟೈರು ಇನ್ನೊಂದು ಕಾರಣ. ಎರಡಕ್ಕೂ ಮದ್ದು ಬೇರೆ ಬೇರೆ.

ಟೈರಿನ ಮಾತು ಚಿಕ್ಕದು. 33 ಇಂಚಿನ ಚಕ್ರ ಒಂದು ಸುತ್ತಿಗೆ ಶೇಕಡ 6ರಷ್ಟು ಹೆಚ್ಚು ದೂರ ಉರುಳುತ್ತದೆ. ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಎಂಜಿನ್ನಿನ ಬಲವನ್ನು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ನಲ್ಲಿ ಈಗ 4.10 ಅನುಪಾತದ ಗೇರ್ ಇದ್ದು ಅದನ್ನು 4.56ಕ್ಕೆ ಬದಲಿಸಿದರೆ ಚಕ್ರಕ್ಕೆ ಶೇಕಡ 11ರಷ್ಟು ಬಲ ಮರಳಿ ಬರುತ್ತದೆ, ಎಂಜಿನ್ ಮೇಲೆ ಹೆಚ್ಚಿನ ಒತ್ತಡವೂ ಬೀಳುವುದಿಲ್ಲ. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ಗಾಡಿಯಾದರೆ ಹಿಂದಿನ ಮತ್ತು ಮುಂದಿನ ಡಿಫರೆನ್ಷಿಯಲ್‌ಗಳನ್ನು ಒಟ್ಟಿಗೇ ಬದಲಿಸಬೇಕು. ಇಲ್ಲವೇ ಹಳೆಯ ಅಳತೆಯ ಟೈರಿಗೆ ಹಿಂದಿರುಗಬೇಕು. ಇವೆರಡರಲ್ಲಿ ಒಂದನ್ನೂ ಮಾಡದೆ ನೇರವಾಗಿ ಸೂಪರ್‌ಚಾರ್ಜರ್‌ಗೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಎತ್ತರದ ಮಾತಿಗೆ ಬರೋಣ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್), ಡೆನ್ವರ್‌ನಲ್ಲಿ ಅದು ಸುಮಾರು 12.2, 11,000 ಅಡಿಗೂ ಮೇಲಿರುವ ಸುರಂಗದ ಬಾಯಲ್ಲಿ 10ಕ್ಕಿಂತಲೂ ಕಡಿಮೆ. ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಹೊರಗಿನ ಗಾಳಿಯನ್ನು ಇದ್ದ ಒತ್ತಡದಲ್ಲೇ ಎಳೆದುಕೊಳ್ಳುವುದರಿಂದ, ಕಂಪನಿಯ ಲೆಕ್ಕದ 190 ಅಶ್ವಶಕ್ತಿ ಆ ಏರಿನ ತುದಿಯಲ್ಲಿ ಮೂರನೇ ಎರಡು ಭಾಗದಷ್ಟು ಮಾತ್ರ ಉಳಿದಿರುತ್ತದೆ. ಸುರಂಗದ ಹತ್ತಿರ ಆ ರಸ್ತೆಯ ಏರು ಕೆಲವೆಡೆ ಶೇಕಡ 7ರವರೆಗೂ ಇದೆ. ಹಾಗಾಗಿ ಗಾಡಿ ಸೋಲುವುದು ಸಹಜ. ಅದನ್ನು ಎಂಜಿನ್ ಸವೆದಿರುವುದರ ಗುರುತೆಂದು ತಿಳಿಯಬೇಕಾಗಿಲ್ಲ.

ಟಿಆರ್‌ಡಿ ಮಾರುತ್ತಿದ್ದ ಸಾಧನದ ಒಳಗಿರುವುದು ಈಟನ್ ಕಂಪನಿಯ ಎಂ62. ಇದು ರೂಟ್ಸ್ ಬಗೆಯದು, ಅಂದರೆ ಜೋಡಿ ರೋಟರುಗಳು ತಿರುಗಿ ಗಾಳಿಯನ್ನು ದೂಡುವಂಥದ್ದು. ಎಂಜಿನ್‌ನ ಕ್ರ್ಯಾಂಕ್‌ನಿಂದ ಬೆಲ್ಟ್ ಮೂಲಕ ತಿರುಗುತ್ತದೆ ಮತ್ತು ಒಂದು ಸುತ್ತಿಗೆ 62 ಘನ ಅಂಗುಲ, ಅಂದರೆ ಸುಮಾರು ಒಂದು ಲೀಟರ್ ಗಾಳಿಯನ್ನು, ಅದನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್‌ಗೆ ದೂಡುತ್ತದೆ. ಅದರ ಮೂಲ ಪುಲ್ಲಿಯಲ್ಲಿ ಸಮುದ್ರಮಟ್ಟದಲ್ಲಿ ಸಿಗುವ ಹೆಚ್ಚುವರಿ ಒತ್ತಡ ಸುಮಾರು 6 ಪಿಎಸ್‌ಐ. ಒತ್ತಡ ಶೇಕಡ 40ರಷ್ಟು ಏರಿತೆಂದು ಶಕ್ತಿಯೂ ಅಷ್ಟೇ ಏರುತ್ತದೆಂದು ಭಾವಿಸಬಾರದು. ಒತ್ತಿದ ಗಾಳಿ ಬಿಸಿಯಾಗುತ್ತದೆ, ಈ ಕಿಟ್‌ನಲ್ಲಿ ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲ, ಸಾಲದ್ದಕ್ಕೆ ಸೂಪರ್‌ಚಾರ್ಜರನ್ನು ತಿರುಗಿಸುವುದಕ್ಕೂ ಎಂಜಿನ್ ತನ್ನ ಶಕ್ತಿಯನ್ನೇ ಕೊಡಬೇಕು.

ಗಾಳಿ ತೆಳುವಾದಂತೆ ಈ ಹೆಚ್ಚುವರಿ ಒತ್ತಡವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಬಿಸಿಯಿಂದಾಗುವ ನಷ್ಟವನ್ನು ಕಳೆದು ಸ್ಥೂಲವಾಗಿ ಲೆಕ್ಕ ಹಾಕಿದರೆ, ಸೂಪರ್‌ಚಾರ್ಜರ್ ಹಾಕಿಸಿದ ನಿಮ್ಮ ಗಾಡಿ ಸುರಂಗದ ಬಾಯಲ್ಲಿ, ಈಗ ಡೆನ್ವರ್ ಪೇಟೆಯಲ್ಲಿ ಹೇಗೆ ಎಳೆಯುತ್ತದೋ ಹೆಚ್ಚುಕಡಿಮೆ ಹಾಗೆಯೇ ಎಳೆಯುತ್ತದೆ. ರೇಸಿಗೆಂದು ಹಾಕಿಸುವವರಿಗೆ ಇದು ನಿರಾಶೆಯ ಸಂಗತಿ. ನಿಮಗೆ ಮಾತ್ರ ಬೇಕಾಗಿರುವುದು ಇದೇ, ಮತ್ತು ಬೆಟ್ಟದ ಮೇಲೆ ಸಿಲಿಂಡರ್ ಒಳಗಿನ ಒತ್ತಡ ಕಂಪನಿ ಎಣಿಸಿದ್ದ ಮಟ್ಟವನ್ನು ಹೆಚ್ಚು ಮೀರುವುದಿಲ್ಲ ಎಂಬುದು ಹಳೆಯ ಎಂಜಿನ್‌ಗೆ ನೆಮ್ಮದಿಯ ವಿಷಯ. ಈ ಕಾರಣಕ್ಕೇ ನಿಮ್ಮಂಥವರಿಗೆ ಸೂಪರ್‌ಚಾರ್ಜರ್ ಬೇಡವೆಂದು ಕಡ್ಡಿ ಮುರಿದಂತೆ ಹೇಳಲಾರೆ.

ಅಪಾಯ ಎದುರಾಗುವುದು ಕೆಳಕ್ಕೆ ಇಳಿದಾಗ. ಡೆನ್ವರ್‌ನಲ್ಲಿ ಎಲ್ಲವೂ ಸರಿಯಾಗಿದೆಯೆಂದುಕೊಂಡು ಅದೇ ಗಾಡಿಯಲ್ಲಿ ಟೆಕ್ಸಸ್ಸಿಗೋ ಕ್ಯಾಲಿಫೋರ್ನಿಯಾಕ್ಕೋ ಹೊರಟರೆ, ಅಲ್ಲಿನ ದಟ್ಟ ಗಾಳಿಯಲ್ಲಿ ಪೂರ್ಣ 6 ಪಿಎಸ್‌ಐ ಒತ್ತಡ ಬೀಳುತ್ತದೆ ಮತ್ತು ಮೂಲ ಇಂಜೆಕ್ಟರ್‌ಗಳು ಹೆಚ್ಚಿನ ವೇಗದಲ್ಲಿ ಅಷ್ಟು ಗಾಳಿಗೆ ಸಾಕಾಗುವಷ್ಟು ಪೆಟ್ರೋಲ್ ಒದಗಿಸಲಾರವು. ಪೆಟ್ರೋಲ್ ಕಡಿಮೆಯಾದ ಮಿಶ್ರಣ ಬಿಸಿಯಾಗಿ ಉರಿದು, ಕಾಲಕ್ಕೆ ಮೊದಲೇ ಸಿಡಿದು, ಪಿಸ್ಟನ್ನನ್ನೋ ಹೆಡ್ ಗ್ಯಾಸ್ಕೆಟ್ಟನ್ನೋ ಬಲಿ ತೆಗೆದುಕೊಳ್ಳುತ್ತದೆ. ಈ ಎಂಜಿನ್‌ಗೆ ಟಿಆರ್‌ಡಿಯೇ ಏಳನೆಯ ಇಂಜೆಕ್ಟರಿನ ಕಿಟ್ ಒಂದನ್ನು ಮಾರುತ್ತಿದ್ದುದು ಈ ಕೊರತೆಯನ್ನು ತುಂಬುವುದಕ್ಕೇ. ಅದು ಸಿಗದಿದ್ದರೆ ದೊಡ್ಡ ಇಂಜೆಕ್ಟರ್‌ಗಳನ್ನು ಹಾಕಿಸಿ, ಅವಕ್ಕೆ ತಕ್ಕಂತೆ ಟ್ಯೂನ್ ಮಾಡಿಸಬೇಕು. ಯಾವುದನ್ನು ಮಾಡಿಸಿದರೂ ವೈಡ್‌ಬ್ಯಾಂಡ್ ಆಮ್ಲಜನಕ ಸಂವೇದಕ (ಹೊಗೆಯಿಂದ ಗಾಳಿ–ಪೆಟ್ರೋಲ್ ಅನುಪಾತವನ್ನು ಅಳೆಯುವ ಸಾಧನ) ಮತ್ತು ಅದರ ಮೀಟರನ್ನು ಕೂರಿಸದೆ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತರಬೇಡಿ. ಸಾಮಾನ್ಯ ಓಟದಲ್ಲಿ 14.7ರ ಸುತ್ತ ಇರುವ ಗಾಳಿ–ಪೆಟ್ರೋಲ್ ಅನುಪಾತ, ಕಾಲನ್ನು ಪೂರ್ತಿ ಒತ್ತಿದಾಗ 12ರ ಆಸುಪಾಸಿಗೆ ಇಳಿಯಬೇಕು. 13ನ್ನು ದಾಟಿದರೆ ತಕ್ಷಣ ಕಾಲು ತೆಗೆಯಿರಿ.

ಬಂಕಿನಲ್ಲಿಯೂ ಎಚ್ಚರವಿರಲಿ. ಕೊಲರಾಡೊದ ಬಂಕುಗಳಲ್ಲಿ ರೆಗ್ಯುಲರ್ ಎಂದು ಸಿಗುವುದು 85 ಆಕ್ಟೇನ್ (ಪೆಟ್ರೋಲ್ ಕಾಲಕ್ಕೆ ಮೊದಲೇ ಸಿಡಿಯದೆ ತಡೆಯುವ ಗುಣದ ಅಳತೆ). ಸೂಪರ್‌ಚಾರ್ಜರ್ ಇರುವ, 9.6:1 ಸಂಕೋಚನ ಅನುಪಾತದ ಈ ಎಂಜಿನ್‌ಗೆ ಅದು ಸಲ್ಲದು. 91 ಆಕ್ಟೇನಿನ ಪ್ರೀಮಿಯಂ ಪೆಟ್ರೋಲನ್ನೇ ಹಾಕಿಸಬೇಕು. ಈ ಖರ್ಚು ಒಮ್ಮೆಗೆ ಮುಗಿಯುವುದಲ್ಲ, ಪ್ರತಿ ಬಾರಿ ಟ್ಯಾಂಕ್ ತುಂಬಿಸುವಾಗಲೂ ಇರುತ್ತದೆ. ಸ್ಪಾರ್ಕ್ ಪ್ಲಗ್ಗುಗಳೂ ಒಂದು ಹಂತ ತಂಪಿನವಾಗಿರಲಿ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವಂಥವಾಗಿರಲಿ.

ಇಷ್ಟಕ್ಕೆಲ್ಲ ಕೈ ಹಾಕುವ ಮೊದಲು ಗಾಡಿಯನ್ನು ಲಿಫ್ಟಿಗೆ ಏರಿಸಿ ಚಾಸಿಸ್ ನೋಡಿಸಿ. ಈ ಪೀಳಿಗೆಯ ಟಕೋಮಾಗಳ ಚಾಸಿಸ್ ಒಳಗಿನಿಂದ ತುಕ್ಕು ಹಿಡಿಯುವುದು ಎಲ್ಲರಿಗೂ ಗೊತ್ತಿರುವ ವಿಷಯ. 2008ರಲ್ಲಿ ಟೊಯೋಟಾ ಕಂಪನಿಯೇ 1995ರಿಂದ 2000ದವರೆಗಿನ ಮಾದರಿಗಳ ಚಾಸಿಸ್‌ಗೆ ತುಕ್ಕಿನ ವಾರಂಟಿಯನ್ನು 15 ವರ್ಷಕ್ಕೆ ವಿಸ್ತರಿಸಿತು. ನಿಮ್ಮದು ಅದರ ನಂತರದ ಮಾದರಿಯಾದರೂ ಚಳಿಗಾಲದಲ್ಲಿ ಡೆನ್ವರ್ ರಸ್ತೆಗಳಿಗೆ ಸುರಿಯುವ ಮೆಗ್ನೀಸಿಯಂ ಕ್ಲೋರೈಡ್ ಯಾವ ಮಾದರಿಯನ್ನೂ ಬಿಡುವುದಿಲ್ಲ. ಸುತ್ತಿಗೆಯಿಂದ ತಟ್ಟಿದಾಗ ಕಬ್ಬಿಣ ಗಟ್ಟಿ ದನಿ ಕೊಡದಿದ್ದರೆ ಸೂಪರ್‌ಚಾರ್ಜರಿನ ಯೋಚನೆಯನ್ನು ಅಲ್ಲಿಗೇ ಬಿಟ್ಟುಬಿಡಿ.

ಚಾಸಿಸ್ ಗಟ್ಟಿಯಿದ್ದರೆ ಆರೂ ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ (ಒಳಗಿನ ಒತ್ತಡದ ಅಳತೆ) ಮಾಡಿಸಿ. ಸಮುದ್ರಮಟ್ಟದ ಲೆಕ್ಕದಲ್ಲಿ ಯಾವುದೂ 145 ಪಿಎಸ್‌ಐಗಿಂತ ಕೆಳಗಿರಬಾರದು (ಡೆನ್ವರ್‌ನ ತೆಳು ಗಾಳಿಯಲ್ಲಿ ಈ ಅಂಕಿ ಅದಕ್ಕೆ ತಕ್ಕಂತೆ ತಗ್ಗುತ್ತದೆ), ಒಂದಕ್ಕೂ ಇನ್ನೊಂದಕ್ಕೂ 15ಕ್ಕಿಂತ ಹೆಚ್ಚು ಅಂತರವಿರಬಾರದು. ಟೈಮಿಂಗ್ ಬೆಲ್ಟ್ 90,000 ಮೈಲಿಗೊಮ್ಮೆ ಬದಲಾಗಬೇಕಾದದ್ದು. ಎರಡನೆಯ ಸರದಿ ಹತ್ತಿರ ಬಂದಿರುವುದರಿಂದ ವಾಟರ್ ಪಂಪಿನ ಜೊತೆ ಅದನ್ನೂ ಮುಗಿಸಿಬಿಡಿ. ರೇಡಿಯೇಟರ್ ಮೂಲದ್ದೇ ಆಗಿದ್ದರೆ ಅದನ್ನು ಬದಲಿಸಲೇಬೇಕು. ಈ ಗಾಡಿಗಳಲ್ಲಿ ಆಟೊಮ್ಯಾಟಿಕ್ ಗೇರಿನ ಎಣ್ಣೆ ತಣಿಯುವುದು ರೇಡಿಯೇಟರಿನ ಒಳಗಿರುವ ಕೊಳವೆಯಲ್ಲಿ. ಅದು ಒಡೆದರೆ ಕೂಲಂಟ್ ಮತ್ತು ಎಣ್ಣೆ ಕಲೆತು ಗುಲಾಬಿ ಬಣ್ಣದ ನೊರೆಯಾಗಿ ಗೇರ್‌ಬಾಕ್ಸ್ ಹಾಳಾಗುತ್ತದೆ. ಹೊಸ ರೇಡಿಯೇಟರಿನೊಂದಿಗೆ ಗೇರಿನ ಎಣ್ಣೆಗೆ ಪ್ರತ್ಯೇಕ ಕೂಲರ್ ಹಾಕಿಸುವುದು, ನನ್ನ ದೃಷ್ಟಿಯಲ್ಲಿ, ಟ್ರೈಲರ್ ಎಳೆಯುವವರಿಗೆ ಸೂಪರ್‌ಚಾರ್ಜರಿಗಿಂತಲೂ ಮುಖ್ಯ.

ಕೊನೆಯದಾಗಿ, ಶಕ್ತಿ ಹೆಚ್ಚಿದ ಮಾತ್ರಕ್ಕೆ ಗಾಡಿಯ ಎಳೆಯುವ ಮಿತಿ ಹೆಚ್ಚುವುದಿಲ್ಲ. 5,000 ಪೌಂಡಿನ ಮಿತಿ ಹಾಗೆಯೇ ಉಳಿಯುತ್ತದೆ, ಹಿಂದಿನ ಚಕ್ರಗಳ ಡ್ರಮ್ ಬ್ರೇಕುಗಳೂ ಹಾಗೆಯೇ ಇರುತ್ತವೆ.

ಪ್ರಶ್ನೆ: ಇದೇ ಎಂಜಿನ್‌ಗೆ ಸೆಕೆಂಡ್ ಹ್ಯಾಂಡ್ ಸೂಪರ್‌ಚಾರ್ಜರ್ ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು? ಸ್ಮಾಗ್ ಪರೀಕ್ಷೆಯಲ್ಲಿ ತೊಂದರೆಯಾಗುತ್ತದೆಯೇ?
— ಆರ್. ಕೆ., ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಪುಲ್ಲಿಯನ್ನು ಕೈಯಿಂದ ತಿರುಗಿಸಿ ನೋಡಿ. ರೋಟರುಗಳು ಎಲ್ಲೂ ತಡೆಯದೆ, ಒಂದಕ್ಕೊಂದು ಉಜ್ಜದೆ ತಿರುಗಬೇಕು. ಒಳಗೋಡೆಯಲ್ಲಿ ಗೀರುಗಳಿದ್ದರೆ ಬೇರಿಂಗ್ ಸವೆದಿದೆ ಎಂದರ್ಥ. ಮುಂಭಾಗದ ಮೂತಿಯಲ್ಲಿ ಸೂಪರ್‌ಚಾರ್ಜರಿಗೆಂದೇ ಬೇರೆ ಎಣ್ಣೆ ಇರುತ್ತದೆ. ಅದು ಕಪ್ಪಾಗಿದ್ದರೆ ಅಥವಾ ರೋಟರುಗಳ ಮೇಲೆ ಜಿನುಗಿದ್ದರೆ ಸೀಲ್ ಹೋಗಿದೆ. ಐಡ್ಲಿಂಗ್‌ನಲ್ಲಿ ಕಟಕಟ ಸದ್ದು ಬರುವುದು ಬಹುಮಟ್ಟಿಗೆ ಮೂತಿಯೊಳಗೆ ಪುಲ್ಲಿಯನ್ನು ರೋಟರುಗಳಿಗೆ ಜೋಡಿಸುವ ಕಪ್ಲರ್ ಸವೆದಿರುವುದರಿಂದ. ಅದರ ರಿಪೇರಿ ಅಗ್ಗವೇ, ಹಾಗಾಗಿ ಈ ಸದ್ದೊಂದನ್ನೇ ಕೇಳಿ ಹೆದರಬೇಡಿ, ಆದರೆ ಚೌಕಾಸಿಗೆ ಬಳಸಿಕೊಳ್ಳಿ. ಬ್ರ್ಯಾಕೆಟ್, ಬೈಪಾಸ್ ವಾಲ್ವ್, ವ್ಯಾಕ್ಯೂಮ್ ಕೊಳವೆಗಳು ಎಲ್ಲವೂ ಇವೆಯೇ, ನಿಮ್ಮ ಇಸವಿಯ ಮಾದರಿಗೆ ಹೊಂದುವಂಥವೇ ಎಂದು ಖಚಿತಪಡಿಸಿಕೊಳ್ಳಿ. ಹೊಸ ಕಿಟ್ ಈಗ ತಯಾರಾಗುತ್ತಿಲ್ಲವಾದ್ದರಿಂದ ಒಂದು ಬ್ರ್ಯಾಕೆಟ್ ಕಾಣೆಯಾದರೂ ಹುಡುಕಾಟ ದೊಡ್ಡದಾಗುತ್ತದೆ. ಯಾರಾದರೂ ಚಿಕ್ಕ ಪುಲ್ಲಿ ಹಾಕಿದ್ದರೆ ಒತ್ತಡ 6 ಪಿಎಸ್‌ಐ ಮೀರುತ್ತದೆ; ಮೂಲ ಅಳತೆಯದನ್ನೇ ಮರಳಿ ಹಾಕಿಸಿ.

ಕ್ಯಾಲಿಫೋರ್ನಿಯಾದ ಸ್ಮಾಗ್ ಪರೀಕ್ಷೆಯಲ್ಲಿ ಹೊಗೆಯ ಅಳತೆ (2000ದ ಮತ್ತು ನಂತರದ ಮಾದರಿಗಳಲ್ಲಿ ಅದರ ಬದಲು ಗಾಡಿಯ ಕಂಪ್ಯೂಟರಿನ ತಪಾಸಣೆ) ಮಾತ್ರವಲ್ಲದೆ ಬಾನೆಟ್ ತೆರೆದು ಕಣ್ಣಾರೆ ನೋಡುವುದೂ ಸೇರಿದೆ. ಸೂಪರ್‌ಚಾರ್ಜರಿಗೆ ರಾಜ್ಯದ ವಾಯು ಸಂಪನ್ಮೂಲ ಮಂಡಳಿ ಕೊಟ್ಟ ಎಕ್ಸಿಕ್ಯುಟಿವ್ ಆರ್ಡರ್ (ಅನುಮತಿಯ ಆದೇಶ) ಸಂಖ್ಯೆ ಇರಬೇಕು, ಅದು ನಿಮ್ಮ ಮಾದರಿಯ ಇಸವಿಗೂ ಎಂಜಿನ್‌ಗೂ ಅನ್ವಯಿಸಬೇಕು. ಆ ಸಂಖ್ಯೆಯ ಲೇಬಲ್ಲನ್ನೂ ಕೇಳಿ ಪಡೆಯಿರಿ. ಬೇರೆ ಇಂಜೆಕ್ಟರ್ ಅಥವಾ ಟ್ಯೂನಿಂಗ್ ಸಾಧನ ಸೇರಿಸಿದರೆ ಅದಕ್ಕೂ ಪ್ರತ್ಯೇಕ ಅನುಮತಿ ಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಪ್ರಶ್ನೆ: ನನ್ನ 2012ರ ಡೀಸೆಲ್ ಬೊಲೆರೊ ಪಿಕಪ್ ಶಿರಾಡಿ ಘಾಟಿಯಲ್ಲಿ ಎಳೆಯುತ್ತಿಲ್ಲ. ಸೂಪರ್‌ಚಾರ್ಜರ್ ಹಾಕಿಸಬಹುದೇ?
— ಒಬ್ಬ ಓದುಗ, ಸಕಲೇಶಪುರ

ಉತ್ತರ: ಬೇಡ. ನಿಮ್ಮ ಎಂಜಿನ್‌ನಲ್ಲಿ ಆಗಲೇ ಟರ್ಬೊ ಇದೆ. ಹೊಗೆಯ ವೇಗದಿಂದ ತಿರುಗುವ ಅದು ಮಾಡುವ ಕೆಲಸವೂ ಗಾಳಿಯನ್ನು ಒತ್ತಿ ತುಂಬುವುದೇ. ಘಾಟಿಯ ಎತ್ತರ ಅದಕ್ಕೆ ದೊಡ್ಡದಲ್ಲ. ಹಿಂದೆ ಎಳೆಯುತ್ತಿದ್ದ ಗಾಡಿ ಈಗ ಎಳೆಯುತ್ತಿಲ್ಲವೆಂದರೆ ಏರ್ ಫಿಲ್ಟರ್, ಟರ್ಬೊದಿಂದ ಮ್ಯಾನಿಫೋಲ್ಡ್‌ಗೆ ಹೋಗುವ ರಬ್ಬರ್ ಹೋಸಿನ ಬಿರುಕು, ಡೀಸೆಲ್ ಫಿಲ್ಟರ್, ಇಂಜೆಕ್ಟರ್‌ಗಳು ಮತ್ತು ಜಾರುವ ಕ್ಲಚ್, ಈ ಕ್ರಮದಲ್ಲಿ ನೋಡಿಸಿ. ಕಪ್ಪು ಹೊಗೆಯೂ ಬರುತ್ತಿದ್ದರೆ ಮೊದಲು ಹೋಸನ್ನೇ ಅನುಮಾನಿಸಿ.

ಕಾನೂನಿನ ಅಡ್ಡಿಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ಸರಕು ಸಾಗಿಸುವ ಗಾಡಿಯಾದ್ದರಿಂದ ಎಫ್‌ಸಿಗೆಂದು (ಫಿಟ್‌ನೆಸ್ ಪ್ರಮಾಣಪತ್ರಕ್ಕೆಂದು) ತಪಾಸಣೆಗೆ ಒಯ್ಯಲೇಬೇಕು, ಮಾರ್ಪಾಡು ಅಲ್ಲಿ ಕಣ್ಣಿಗೆ ಬೀಳುತ್ತದೆ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು.