ಹಾವು ಹಿಡಿಯುವ ಹುಡುಗ ಫೋನ್ ಎತ್ತುತ್ತಿಲ್ಲ

ಅವರು ನನ್ನ ಹತ್ತಿರ ಸಮಾಲೋಚನೆಗೆ ಬಂದಿದ್ದು ನಿದ್ದೆ ಬರುವುದಿಲ್ಲ ಅಂತ. ನಿವೃತ್ತ ಶಿಕ್ಷಕಿ, ಸಕಲೇಶಪುರ ಕಡೆಯವರು, ಮನೆ ಸುತ್ತ ಸ್ವಲ್ಪ ಕಾಫಿ ತೋಟ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಟೀಚರಮ್ಮ ಅನ್ನೋಣ.

ರಾತ್ರಿ ಸಣ್ಣ ಸದ್ದಾದರೂ ಎದ್ದು ಟಾರ್ಚ್ ಹಿಡಿದು ಸೌದೆ ಕೊಟ್ಟಿಗೆ ನೋಡಿ ಬರುತ್ತಿದ್ದರು. "ಏನಾದ್ರೂ ಬಂದ್ರೆ ಯಾರನ್ನ ಕರೀಲಿ ಮೇಡಂ? ಆ ಹುಡುಗ ನನ್ನ ಫೋನೇ ಎತ್ತಲ್ಲ." ಯಾವ ಹುಡುಗ ಎಂದು ಕೇಳಿದ ಮೇಲೆ ಕಥೆ ಹೊರಗೆ ಬಂತು.

ಏಪ್ರಿಲ್‌ನ ಒಂದು ಸಂಜೆ. ಕಾಳಿಂಗಗಳ ಓಡಾಟ ಜಾಸ್ತಿ ಇರುವ ಕಾಲ. ಕೇರೆ ಹಾವನ್ನು ಅಟ್ಟಿಸಿಕೊಂಡು ಬಂದ ಕಾಳಿಂಗವೊಂದು ಸೌದೆ ರಾಶಿಯೊಳಗೆ ನುಗ್ಗಿತು. ಮನೆಯಲ್ಲಿ ಟೀಚರಮ್ಮ ಮತ್ತು ಪುಟ್ಟ ಮೊಮ್ಮಗ, ಇಬ್ಬರೇ. ಉರಗ ರಕ್ಷಕ ಹುಡುಗನಿಗೆ ಫೋನ್ ಮಾಡಿದರು. ಹಗಲು ಗ್ಯಾರೇಜಿನಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ಈ ಕೆಲಸ ಮಾಡುವವನು. "ಹತ್ತಿರ ಹೋಗ್ಬೇಡಿ ಟೀಚರ್, ನಾಯಿ ಕಟ್ಟಿ, ಬರ್ತೀನಿ" ಎಂದ. ಬರುವಾಗ ಎರಡು ಗಂಟೆ ಕಳೆದಿತ್ತು. ಅಷ್ಟರಲ್ಲಿ ಅರ್ಧ ಊರು ಅಂಗಳದಲ್ಲಿತ್ತು. ಯಾರೋ ಗಳು ತಂದು ಸೌದೆಗೆ ತಿವಿಯುತ್ತಿದ್ದರು.

ಅವನು ಬೈಕ್ ನಿಲ್ಲಿಸುವ ಮೊದಲೇ ಟೀಚರಮ್ಮ ಶುರು ಮಾಡಿದರು. "ಮಗು ಸತ್ತ ಮೇಲೆ ಬರ್ತಿದ್ದೆಯಾ? ಫೋಟೋ ಹಾಕ್ಕೊಳ್ಳೋಕೆ ಮಾತ್ರ ನಿಮಗೆಲ್ಲ ಪುರುಸೊತ್ತು." ಅವನು ಎದುರು ಮಾತಾಡಲಿಲ್ಲ. ಹಾವು ಹಿಡಿದ, ಜೊತೆಗಿದ್ದ ಅರಣ್ಯ ಸಿಬ್ಬಂದಿಯೊಂದಿಗೆ ಹೋಗಿ ಹತ್ತಿರದ ಕಾಡಿಗೆ ಬಿಟ್ಟ. ಪೆಟ್ರೋಲ್ ದುಡ್ಡೂ ಮುಟ್ಟಲಿಲ್ಲ. ರಾತ್ರಿ ಇವರು ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಹಾಕಿದರು, ಬೈಗುಳದ್ದು. ಅವತ್ತಿನಿಂದ ಅವನು ಆ ಊರಿನ ಕರೆ ತೆಗೆಯುತ್ತಿಲ್ಲ. ಊರವರು ಇವರನ್ನು ದೂರುತ್ತಿದ್ದಾರೆ. ತಡ ಏಕಾಯಿತು ಎಂದು ಆಮೇಲೆ ಅರಣ್ಯ ಇಲಾಖೆಯ ವಾಚರ್ ಒಬ್ಬರಿಂದ ತಿಳಿಯಿತಂತೆ: ದಾರಿಯಲ್ಲಿ ಆನೆ ಗುಂಪು ನಿಂತಿತ್ತು. ಬೈಕ್ ಆಫ್ ಮಾಡಿ, ಲೈಟ್ ಆರಿಸಿ, ಅವನು ಮಳೆಯಲ್ಲೇ ಕಾದಿದ್ದ.

ನನಗೆ ಮುಖ್ಯ ಅನಿಸಿದ್ದು ಬೈದದ್ದಲ್ಲ, ಬೈಯುವ ಮುಂಚಿನ ಎರಡು ಗಂಟೆ. ಮೊಮ್ಮಗನನ್ನು ಸೊಂಟದಲ್ಲಿ ಎತ್ತಿಕೊಂಡು ನಿಂತೇ ಇದ್ದರು. ಬೆಂಗಳೂರಿನಿಂದ ಮಗಳು ಫೋನಿನ ಮೇಲೆ ಫೋನ್. "ಅವನು ಬಂದಾಗ ನಿಮಗೆ ಮೊದಲು ಏನನ್ನಿಸಿತು?" ಎಂದೆ. ತುಂಬಾ ಹೊತ್ತು ಯೋಚಿಸಿ, "ಸದ್ಯ ಬಂದ್ನಲ್ಲ ಅಂತ" ಎಂದರು. ನೆಮ್ಮದಿಯಾದ ಗಳಿಗೆಯಲ್ಲೇ ತಡೆದಿಟ್ಟ ಭಯವೆಲ್ಲ ಕೋಪವಾಗಿ ಹೊರಬಿತ್ತು. ಸಿಕ್ಕಿದ್ದು ಅವನೊಬ್ಬನೇ. ಇದು ಆಸ್ಪತ್ರೆ ನರ್ಸ್‌ಗಳಿಗೂ ಆಗುತ್ತದೆ, ಲೈನ್‌ಮ್ಯಾನ್‌ಗಳಿಗೂ ಆಗುತ್ತದೆ. ಸಹಾಯಕ್ಕೆ ಬಂದವನೇ ಕೈಗೆ ಸಿಗುವವನು, ಅಲ್ವಾ?

ಆದರೆ ಭಯವಾಗಿತ್ತು ಎಂಬ ಕಾರಣ ಅವನ ನೋವನ್ನು ಕಡಿಮೆ ಮಾಡುವುದಿಲ್ಲ. ಅದನ್ನೂ ಹೇಳಿದೆ. ಇಲ್ಲಿ ಆಸ್ಪತ್ರೆಗಳಲ್ಲಿ ಸಿಗುವ ಹಾವಿನ ವಿಷದ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ. ಕಾಳಿಂಗ ಕಚ್ಚಿದರೆ ಅದನ್ನು ನಂಬುವಂತಿಲ್ಲ. ಅದು ಗೊತ್ತಿದ್ದೇ ಅವನು ಸೌದೆ ರಾಶಿಗೆ ಕೈ ಹಾಕಿದ್ದು. 2023ರ ಡಿಸೆಂಬರ್‌ನಲ್ಲಿ ಯಸಳೂರಿನ ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಟೀಚರಮ್ಮ ಊಟ ಬಿಟ್ಟು ಅತ್ತಿದ್ದರಂತೆ. ಅದೇ ವರ್ಷ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಅರಿವಳಿಕೆ ಹೊಡೆಯಲು ಹೋಗಿ ಪ್ರಾಣ ಬಿಟ್ಟ 'ಆನೆ ವೆಂಕಟೇಶ್' ನೆನಪಿದ್ದಾರಾ ಎಂದು ಕೇಳಿದೆ. ಸುಮ್ಮನಾದರು. ನಮ್ಮ ಜಿಲ್ಲೆಯಲ್ಲಿ ಆನೆಗೆ ಅಳುವವರು ಜಾಸ್ತಿ, ಅದರ ಹಿಂದೆ ಹಗಲು ರಾತ್ರಿ ನಡೆಯುವವರಿಗೆ ಕಡಿಮೆ. ಇದು ನನ್ನ ಸ್ವಂತ ಗೊಣಗಾಟ ಅಂದುಕೊಳ್ಳಿ.

ನಾನು ಆ ಹುಡುಗನಿಗೆ ಫೋನ್ ಮಾಡಿ ರಾಜಿ ಮಾಡಿಸಲಿ ಎಂಬುದು ಅವರ ಆಸೆಯಾಗಿತ್ತು. ಒಪ್ಪಲಿಲ್ಲ. ಬೈದಿದ್ದು ಎಲ್ಲಿಯೋ ಕ್ಷಮೆಯೂ ಅಲ್ಲೇ, ಅದೇ ಗುಂಪಿನಲ್ಲಿ, ಅದೇ ದನಿಯಲ್ಲಿ ಎಂದೆ. ಒಂದು ಚೀಟಿಯಲ್ಲಿ ಬರೆದು ತಂದರು: "ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು, ಆದರೆ ನೀನೂ ಬೇಗ ಬರಬಹುದಿತ್ತು." ಮಕ್ಕಳ ಪುಸ್ತಕ ತಿದ್ದುವ ಹಾಗೆ ತಿದ್ದಿ ಎಂದು ಕೆಂಪು ಪೆನ್ನು ಕೊಟ್ಟೆ. ನಕ್ಕರು. 'ಆದರೆ'ಯಿಂದ ಆಚೆಗಿನದ್ದನ್ನು ಹೊಡೆದು ಹಾಕಿದರು. ಆಮೇಲೆ ತಾವಾಗಿಯೇ 'ಆಗಿದ್ದರೆ'ಯನ್ನೂ. ಕೊನೆಗೆ ಹೊಸದಾಗಿ ಬರೆದದ್ದು ಇಷ್ಟು: "ಅವತ್ತು ಎಲ್ಲರ ಮುಂದೆ ನಿನ್ನ ಬೈದಿದ್ದು ತಪ್ಪು ಕಣಪ್ಪ. ನಮ್ಮ ಮಗುವನ್ನ ಕಾಪಾಡಿದ್ದು ನೀನೇ." ಮತ್ತೆ ಬಾ ಎಂಬ ಮಾತು ಬೇಡ ಎಂದೆ. ಕೆಲಸಕ್ಕಾಗಿ ಕೇಳಿದ ಕ್ಷಮೆ ಅಂತ ಅವನಿಗೆ ಅನ್ನಿಸಬಾರದು.

ನಿದ್ದೆಗೆ ಬೇರೆ ದಾರಿ. ಏನು ಮಾಡಬೇಕೆಂದು ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಸೌದೆಯನ್ನು ಗೋಡೆಯಿಂದ ದೂರ, ನೆಲದಿಂದ ಮೇಲೆ ಜೋಡಿಸಲು ಹೇಳಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ಫ್ರಿಜ್ ಮೇಲೆ ಅಂಟಿಸಿದರು. ಹಾವು ಬಂದರೆ ಒಬ್ಬರೇ ಮಾತಾಡುವುದು, ಇನ್ನೊಬ್ಬರು ದೂರದಿಂದ ಕಣ್ಣಿಡುವುದು, ಮಿಕ್ಕವರನ್ನು ಮನೆಗೆ ಕಳಿಸುವುದು. ತೋಟದ ರಸ್ತೆಗಳಲ್ಲಿ ಲೊಕೇಶನ್ ಕೈಕೊಡುತ್ತದೆ, ಆದ್ದರಿಂದ ಕೈಮರದ ಹತ್ತಿರ ಯಾರಾದರೂ ಟಾರ್ಚ್ ಹಿಡಿದು ನಿಲ್ಲಬೇಕು. ಹಿಡಿದ ಮೇಲೆ 'ಎತ್ತಿ ಹಿಡಿ, ವಿಡಿಯೋ ಮಾಡ್ಬೇಕು' ಅನ್ನಬಾರದು. ಅವನು "ಬಿಟ್ಬಿಡಿ, ತಾನಾಗೇ ಹೋಗುತ್ತೆ" ಎಂದರೆ ಅದು ಸೋಮಾರಿತನವಲ್ಲ, ಎಷ್ಟೋ ಸಲ ಅದೇ ಸರಿಯಾದ ಉತ್ತರ. ಪೆಟ್ರೋಲ್ ದುಡ್ಡನ್ನು ಅವನು ಕೇಳುವ ತನಕ ಕಾಯುವುದೂ ಬೇಡ.

ಕ್ಷಮೆ ಕೇಳಿ ಕೆಲವು ದಿನ ಬಿಟ್ಟು ಹುಡುಗನ ಉತ್ತರ ಬಂತು. "ಪರವಾಗಿಲ್ಲ ಟೀಚರ್. ಹಗಲು ಕರೀರಿ, ಬರ್ತೀನಿ. ರಾತ್ರಿ ಆಗಲ್ಲ." ಟೀಚರಮ್ಮನಿಗೆ ಸ್ವಲ್ಪ ಬೇಜಾರಾಯಿತು, ಇನ್ನೂ ಕೋಪ ಹೋಗಿಲ್ಲ ಅಂತ. ಇರಬಹುದು, ಅಥವಾ ಅವನಿಗೂ ಬೆಳಿಗ್ಗೆ ಎದ್ದು ಗ್ಯಾರೇಜಿಗೆ ಹೋಗಬೇಕಿರಬಹುದು ಎಂದೆ. ಕಾರಣ ಯಾವುದಾದರೂ ಅದನ್ನು ಕೆದಕದೆ ಒಪ್ಪಿಕೊಳ್ಳಬೇಕು, ಬೇರೆಯವರ ಕೈಲಿ ಶಿಫಾರಸು ಮಾಡಿಸಬಾರದು ಎಂದು ತೀರ್ಮಾನಿಸಿದೆವು. ರಾತ್ರಿಗೆ 1926 ಇದೆ.